ಎಸೆಯುವ ತೋಳು ತೆರುವ ಬೆಲೆ

ಅಮೆರಿಕದ ಬೇಸ್‌ಬಾಲ್ ಆಟಕ್ಕೆ ಪಿಚರ್, ಅಂದರೆ ಚೆಂಡೆಸೆಯುವವನೇ ಜೀವಾಳ. ಎಸೆಯುವ ಕ್ಷಣದಲ್ಲಿ ಆತನ ಮೇಲ್ದೋಳು ಸೆಕೆಂಡಿಗೆ ಸುಮಾರು 7,000 ಡಿಗ್ರಿ ವೇಗದಲ್ಲಿ ಒಳಮುಖವಾಗಿ ತಿರುಗುತ್ತದೆ. ಈ ವೇಗಕ್ಕೆ ಭುಜ ತೆರುವ ಬೆಲೆ ಏನೆಂದು ತಿಳಿಯಲು ವೈದ್ಯಶಾಸ್ತ್ರಕ್ಕೆ ಬಹಳ ಕಾಲವೇ ಹಿಡಿಯಿತು.

ಕಸುವು ಕಳೆದುಕೊಂಡ ತೋಳನ್ನು ಆಟಗಾರರು ‘ಸತ್ತ ತೋಳು’ ಎನ್ನುತ್ತಿದ್ದರು. ಎಷ್ಟೋ ಮಂದಿಯ ಪಾಲಿಗೆ ಆಟ ಅಲ್ಲಿಗೇ ಮುಗಿಯುತ್ತಿತ್ತು. 1941ರಲ್ಲಿ ಬಾಲ್ಟಿಮೋರ್‌ನ ಮೂಳೆತಜ್ಞ ಜಾರ್ಜ್ ಬೆನೆಟ್ ವೃತ್ತಿಪರ ಪಿಚರ್‌ಗಳ ಭುಜದ ಕೀಲಿನ ಹಿಂಬದಿಯಲ್ಲಿ ಹೆಚ್ಚುವರಿ ಮೂಳೆ ಬೆಳೆದಿರುವುದನ್ನು ವಿವರಿಸಿದರು. ಅಲ್ಲಿಂದ ವೈದ್ಯರ ಗಮನ ಕೀಲಿನ ಹಿಂಬದಿಯತ್ತ ಹರಿಯಿತು.

ತೋಳನ್ನು ಭುಜದ ಮಟ್ಟಕ್ಕೆ ಚಾಚಿ, ಮೊಣಕೈ ಮಡಿಸಿ ಅಳೆದರೆ ಒಂದು ವಿಚಿತ್ರ ಕಾಣುತ್ತದೆ. ಎಸೆಯುವ ತೋಳು ಇನ್ನೊಂದಕ್ಕಿಂತ ಹಿಂದಕ್ಕೆ ಹೆಚ್ಚು, ಮುಂದಕ್ಕೆ ಕಡಿಮೆ ತಿರುಗುತ್ತದೆ. ಟೆನಿಸ್‌ನಲ್ಲಿ ಸರ್ವ್ ಮಾಡುವ ತೋಳಿನದೂ ಇದೇ ಕಥೆ. 2003ರಲ್ಲಿ ಬರ್ಕಾರ್ಟ್, ಮಾರ್ಗನ್ ಮತ್ತು ಕಿಬ್ಲರ್ ಎಂಬ ಅಮೆರಿಕದ ತಜ್ಞರು ಕೀಲನ್ನು ಸುತ್ತಿರುವ ಚೀಲದ ಹಿಂಭಾಗ ಬಿಗಿಯಾಗುವುದೇ ತೊಂದರೆಯ ಮೂಲವೆಂದು ವಾದಿಸಿದರು.

ಆದರೆ ಮೂಳೆಯ ಪಾತ್ರವೂ ಸಣ್ಣದಲ್ಲ. ಹುಟ್ಟುವಾಗ ಮೇಲ್ದೋಳಿನ ಮೂಳೆ ಹಿಂದಕ್ಕೆ ಹೆಚ್ಚು ತಿರುಚಿಕೊಂಡಿರುತ್ತದೆ; ಮಗು ಬೆಳೆದಂತೆ ಆ ತಿರುಚು ಇಳಿಯುತ್ತದೆ. ಎಳವೆಯಿಂದಲೇ ಚೆಂಡೆಸೆಯುವವರ ತೋಳಿನಲ್ಲಿ ಅದು ಅಷ್ಟಾಗಿ ಇಳಿಯುವುದಿಲ್ಲ. 2002ರಲ್ಲಿ ವೃತ್ತಿಪರ ಪಿಚರ್‌ಗಳನ್ನು ಸಿ.ಟಿ. ಸ್ಕ್ಯಾನ್‌ನಿಂದ ಪರೀಕ್ಷಿಸಿದಾಗ, ಎರಡು ತೋಳುಗಳ ನಡುವೆ ಸರಾಸರಿ ಸುಮಾರು 17 ಡಿಗ್ರಿ ವ್ಯತ್ಯಾಸ ಕಂಡಿತು.

ಹೀಗಾಗಿ ಕಳೆದುಹೋದ ತಿರುಗುವಿಕೆಯೆಲ್ಲ ರೋಗವಲ್ಲ. ಮೂಳೆಯಿಂದ ಬಂದ ಬದಲಾವಣೆಯಲ್ಲಿ ಮುಂದೆ ಕಳೆದದ್ದು ಹಿಂದೆ ದಕ್ಕಿರುತ್ತದೆ. ಒಟ್ಟು ಲೆಕ್ಕ ಎರಡೂ ತೋಳುಗಳಲ್ಲಿ ಹೆಚ್ಚುಕಡಿಮೆ ಸಮ. ಅದನ್ನು ವ್ಯಾಯಾಮದಿಂದ ಬದಲಿಸಲಾಗದು, ಬದಲಿಸುವ ಅಗತ್ಯವೂ ಇಲ್ಲ. ಒಟ್ಟು ಮೊತ್ತವೇ ಕುಗ್ಗಿದ್ದರೆ ಸ್ನಾಯುಗಳೋ ಕೀಲಿನ ಚೀಲವೋ ಬಿಗಿದಿರಬಹುದು. ಇಂಥ ಬಿಗಿತವನ್ನು ಕ್ರಮಬದ್ಧವಾಗಿ ಎಳೆದು ಸಡಿಲಿಸುವ ವ್ಯಾಯಾಮದಿಂದ ಅನೇಕ ಸಲ ತಗ್ಗಿಸಬಹುದು. ಆದ್ದರಿಂದಲೇ ಒಂದು ತೋಳನ್ನಷ್ಟೇ ಅಳೆದು ತೀರ್ಪು ಕೊಡುವಂತಿಲ್ಲ.

ಮಕ್ಕಳ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಅವರ ತೋಳಿನ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಮೃದುಪದರ ಇನ್ನೂ ಗಟ್ಟಿಯಾಗಿರುವುದಿಲ್ಲ. ಮಿತಿಮೀರಿದ ಎಸೆತ ಅದನ್ನೇ ಘಾಸಿಗೊಳಿಸುತ್ತದೆ. ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟ್ಲ್ ಲೀಗ್ ಸಂಸ್ಥೆ ಹಿಂದೆ ಇನಿಂಗ್ಸ್ ಲೆಕ್ಕದಲ್ಲಿ ಮಿತಿ ಹಾಕುತ್ತಿತ್ತು. ಒಂದು ಇನಿಂಗ್ಸ್‌ನಲ್ಲಿ ಹತ್ತು ಎಸೆತವೂ ಆಗಬಹುದು, ನಲವತ್ತೂ ಆಗಬಹುದು. 2007ರಿಂದ ಅದು ವಯಸ್ಸಿಗೆ ತಕ್ಕಂತೆ ಎಸೆತಗಳನ್ನೇ ಎಣಿಸತೊಡಗಿತು. ಸ್ಕೋರ್‌ಬೋರ್ಡಿನ ಲೆಕ್ಕ ಬೇರೆ, ಭುಜದ ಲೆಕ್ಕ ಬೇರೆ ಎಂಬುದನ್ನು ಆಟದ ನಿಯಮವೂ ಕೊನೆಗೆ ಒಪ್ಪಿಕೊಂಡಿತು.