ಬಿಸಿಲ ನಾಡಿನಲ್ಲಿ ಬೆಳಕು ಹಿಡಿದವರು

1980ರ ಫೆಬ್ರುವರಿ 16, ಶನಿವಾರ. ಹೊತ್ತು ಮಧ್ಯಾಹ್ನ ಮೂರೂ ಮುಕ್ಕಾಲರ ಆಸುಪಾಸು. ಅರಬ್ಬಿ ಸಮುದ್ರದ ಕಡೆಯಿಂದ ನಾಡಿನೊಳಕ್ಕೆ ಬಂದ ಚಂದ್ರನ ನೆರಳು ಹುಬ್ಬಳ್ಳಿ, ಗದಗ ದಾಟಿ ರಾಯಚೂರು ಜಿಲ್ಲೆಯ ಮೇಲೆ ಹಾದುಹೋಯಿತು. ಹಾಡುಹಗಲೇ ನಕ್ಷತ್ರ ಕಂಡವು. ಊರೂರಿನ ಬೀದಿಗಳು ಬಿಕೋ ಎನ್ನುತ್ತಿದ್ದವು. ಗ್ರಹಣ ನೋಡಿದರೆ ಕಣ್ಣು ಹೋಗುತ್ತದೆ, ಗರ್ಭಿಣಿಯರಿಗೆ ಕೇಡು ಎಂಬ ಭಯದಿಂದ ಜನ ಬಾಗಿಲು ಹಾಕಿಕೊಂಡು ಕುಳಿತಿದ್ದರು. ಅದೇ ಹೊತ್ತಿಗೆ ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಡೇರೆ ಹಾಕಿ, ಕ್ಯಾಮೆರಾಗಳನ್ನು ಆಕಾಶಕ್ಕೆ ತಿರುಗಿಸಿ ಕಾದಿದ್ದರು. ಸಂಸ್ಥೆಗೆ ಆಗ ನಿರ್ದೇಶಕರಾಗಿದ್ದವರು ವೇಣು ಬಾಪು. ಪೂರ್ಣ ಗ್ರಹಣ ಇದ್ದದ್ದು ಮೂರು ನಿಮಿಷಕ್ಕಿಂತ ಕಡಿಮೆ. ಅಷ್ಟರಲ್ಲೇ ಸೂರ್ಯನ ಹೊರ ಪ್ರಭೆಯಾದ ಕರೋನಾದ ಬೆಳಕನ್ನು ಸೀಳಿ ಫಿಲ್ಮಿನ ಮೇಲೆ ಇಳಿಸಿಕೊಳ್ಳಬೇಕಿತ್ತು.

ವಿಜ್ಞಾನಿಗಳು ಈ ಸೀಮೆಯನ್ನು ಹುಡುಕಿಕೊಂಡು ಬಂದದ್ದು ಬರೀ ನೆರಳಿನ ದಾರಿ ಎಂಬ ಕಾರಣಕ್ಕಲ್ಲ. ಫೆಬ್ರುವರಿಯಲ್ಲಿ ಇಲ್ಲಿ ಮೋಡವಿರುವುದಿಲ್ಲ, ಗಾಳಿಯಲ್ಲಿ ತೇವ ಕಡಿಮೆ. ಮಳೆಯಿಲ್ಲದ ನಾಡೆಂದು ನಾವು ಗೊಣಗುವ ಇದೇ ಆಕಾಶ ಕ್ಯಾಮೆರಾ ಹಿಡಿದವನಿಗೆ ವರ. ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ ಭಾನುವಾರ ನಸುಕಿನಲ್ಲೇ ಎದ್ದು ಕೃಷ್ಣೆಯ ದಂಡೆಗೋ, ಕೆರೆಯ ಏರಿಗೋ, ಊರಾಚೆಯ ಗುಡ್ಡಕ್ಕೋ ಹೊರಡುವ ಹವ್ಯಾಸಿ ಛಾಯಾಗ್ರಾಹಕರ ಹಿಂದೆ ಒಂದು ಹಳೆಯ ಪರಂಪರೆ ಇದೆ. ಅದರಲ್ಲಿ ಹೆಚ್ಚಿನದು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ.

ಛಾಯಾಗ್ರಹಣ ಭಾರತಕ್ಕೆ ಬಂದಾಗ ಅದನ್ನು ಹೊಟ್ಟೆಪಾಡಿಗೆ ಮಾಡುವವರಿಗಿಂತ ಹವ್ಯಾಸಕ್ಕೆ ಮಾಡುವವರ ಹೆಸರೇ ಎದ್ದು ಕಾಣುತ್ತದೆ. ಬಹುಪಾಲು ಸೈನ್ಯದ ಅಧಿಕಾರಿಗಳು, ವೈದ್ಯರು. ಅವರಲ್ಲಿ ಒಬ್ಬ ಮದ್ರಾಸ್ ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ. 1856ರಲ್ಲಿ ಆತ ಹಂಪಿಗೆ ಬಂದು ಅರವತ್ತಕ್ಕೂ ಹೆಚ್ಚು ಚಿತ್ರ ತೆಗೆದ. ಮೇಣ ಹಚ್ಚಿದ ಕಾಗದವೇ ನೆಗೆಟಿವ್. ಒಂದೊಂದೂ ಸುಮಾರು 16 ಇಂಚಿಗೆ 18 ಇಂಚು. ಅಂಥ ಕಾಗದದ ಮೇಲೆ ಬಿಂಬ ಮೂಡಲು ಮಸೂರವನ್ನು ನಿಮಿಷಗಟ್ಟಲೆ ತೆರೆದಿಡಬೇಕು. ಅಲುಗುವ ಮರದ ಎಲೆ ಮಸುಕಾಗುತ್ತಿತ್ತು. ನಡೆದುಹೋದ ಮನುಷ್ಯ ಚಿತ್ರದಲ್ಲಿ ಇರುತ್ತಲೇ ಇರಲಿಲ್ಲ. ಹಾಗಾಗಿ ಕಲ್ಲೇ ಗತಿ. ಆಗ ನದಿಯ ಈಚೆಗಿನ ರಾಯಚೂರು ದೋಆಬ್, ಅಂದರೆ ನಮ್ಮ ಹಳೆಯ ಎಡೆದೊರೆ ನಾಡು, ತಾತ್ಕಾಲಿಕವಾಗಿ ಇಂಗ್ಲಿಷರ ಕೈಯಲ್ಲಿತ್ತು. 1853ರಲ್ಲಿ ಸಾಲದ ಬಾಬ್ತು ನಿಜಾಮರಿಂದ ಪಡೆದದ್ದನ್ನು 1860ರಲ್ಲಿ ಹಿಂತಿರುಗಿಸಿದರು.

ಗ್ರೀನ್‌ಲಾನ ನೆಗೆಟಿವ್‌ಗಳು ನೂರಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದು, ಎಂಬತ್ತರ ದಶಕದ ಹೊಸ್ತಿಲಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮೈ ಜುಮ್ಮೆನ್ನುತ್ತದೆ. ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೆ ಆಗ ಇಟ್ಟಿಗೆಯ ಗೋಪುರವಿತ್ತು! ಇಂದು ನೋಟಿನ ಮೇಲೆ ನಾವು ಕಾಣುವ ರಥ ಬೋಳು ತಲೆಯದು. ಹವ್ಯಾಸಿಯೊಬ್ಬ ತನ್ನ ಸಂತೋಷಕ್ಕೆ ತೆಗೆದ ಚಿತ್ರ ಇಲ್ಲದಿದ್ದರೆ ಆ ಗೋಪುರ ಹೇಗಿತ್ತೆಂದು ಕಣ್ಣಾರೆ ಕಾಣುವ ಸಾಕ್ಷ್ಯ ನಮಗೆ ಇರುತ್ತಿರಲಿಲ್ಲ.

ನಿಜಾಮರ ಕಾಲಕ್ಕೆ ಬಂದರೆ ಹೈದರಾಬಾದಿನ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ದೊಡ್ಡ ಹೆಸರು. ಆದರೆ ಅವರ ಆಲ್ಬಮ್ಮುಗಳಲ್ಲಿ ಕಾಡುಪ್ರಾಣಿ ಹೇಗೆ ಬರುತ್ತದೆ? ಲಾರ್ಡ್ ಕರ್ಜನ್‌ನ ಬೇಟೆಯ ಚಿತ್ರಗಳಂತೆ, ಬಂದೂಕು ಹಿಡಿದವರ ಕಾಲ ಬಳಿ ಸತ್ತು ಬಿದ್ದು. ಹುಲಿ ಚಿತ್ರದಲ್ಲಿ ನಿಲ್ಲಬೇಕಾದರೆ ಮೊದಲು ಸಾಯಬೇಕಿತ್ತು. ಬದುಕಿರುವ ಪ್ರಾಣಿಯ ಚಿತ್ರವೇ ಬೇಟೆಗಿಂತ ಹೆಚ್ಚಿನ ಸಾಹಸ ಎಂಬ ಮಾತು ಬಲ ಪಡೆದದ್ದು 1920ರ ದಶಕದಲ್ಲಿ, ಉತ್ತರದ ಕಾಡುಗಳಲ್ಲಿ ಅರಣ್ಯಾಧಿಕಾರಿ ಚಾಂಪಿಯನ್ ರಾತ್ರಿ ಹೊತ್ತು ತಂತಿ ಕಟ್ಟಿ, ಹುಲಿ ತಾನೇ ಮೆಟ್ಟಿ ಫ್ಲಾಶ್ ಹೊತ್ತಿಸುವಂತೆ ಮಾಡಿದಾಗ.

ಆಕಾಶದ ಕತೆ ಇದಕ್ಕಿಂತ ಸ್ವಾರಸ್ಯದ್ದು. ಹೈದರಾಬಾದಿನ ಸರದಾರ ನವಾಬ್ ಜಫರ್ ಜಂಗ್‌ಗೆ ನಕ್ಷತ್ರಗಳ ಹುಚ್ಚು. ಸ್ವಂತ ಹಣದಿಂದ ಇಂಗ್ಲೆಂಡ್, ಐರ್ಲೆಂಡ್‌ಗಳಿಂದ ದೂರದರ್ಶಕಗಳನ್ನು ತರಿಸಿ 1901ರಲ್ಲಿ ವೀಕ್ಷಣಾಲಯ ಕಟ್ಟಿದರು. ಅವರ ಮರಣಾನಂತರ 1908ರಲ್ಲಿ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. ಇಡೀ ಆಕಾಶವನ್ನು ಗಾಜಿನ ಫಲಕಗಳ ಮೇಲೆ ಚಿತ್ರಿಸುವ ಯೋಜನೆ 1887ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾಗಿತ್ತಷ್ಟೆ. ಚಿಲಿ ದೇಶದ ಸಾಂತಿಯಾಗೋ ವೀಕ್ಷಣಾಲಯದ ಪಾಲಿಗೆ ಬಂದಿದ್ದ ದಕ್ಷಿಣಾಕಾಶದ ಪಟ್ಟಿಯ ಕೆಲಸವನ್ನು ಈ ನಿಜಾಮಿಯಾ ವೀಕ್ಷಣಾಲಯ ಕೈಗೆತ್ತಿಕೊಂಡು ಮುಗಿಸಿತು. ಲಕ್ಷಗಟ್ಟಲೆ ನಕ್ಷತ್ರಗಳ ಸ್ಥಾನ ಅಳೆದು ಪುಸ್ತಕಗಳಾದವು. ರಾಯಚೂರು ಆಗ ಅದೇ ಸಂಸ್ಥಾನದ ಜಿಲ್ಲೆ. ವೇಣು ಬಾಪು ಅವರ ತಂದೆ ಇದೇ ವೀಕ್ಷಣಾಲಯದ ನೌಕರರು. ಹುಡುಗ ಬೆಳೆದದ್ದು ಆ ದೂರದರ್ಶಕಗಳ ನೆರಳಿನಲ್ಲೇ. ನವಾಬರ ಹವ್ಯಾಸಕ್ಕೂ ಜವಳಗೇರಾದ ಡೇರೆಗೂ ಹೀಗೊಂದು ನಂಟಿದೆ.

ಸ್ವಾತಂತ್ರ್ಯದ ನಂತರ ಕರ್ನಾಟಕದ ವನ್ಯಜೀವಿ ಛಾಯಾಗ್ರಹಣ ದೇಶಕ್ಕೇ ಹೆಸರು ತಂದಿತು. ಬೆಂಗಳೂರಿನಲ್ಲಿ ಒ.ಸಿ. ಎಡ್ವರ್ಡ್ಸ್, ಅವರ ಗರಡಿಯಲ್ಲಿ ಪಳಗಿದ ಟಿ.ಎನ್.ಎ. ಪೆರುಮಾಳ್ (1932–2017), ಇ. ಹನುಮಂತರಾವ್. 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಎಷ್ಟೋ ಹುಡುಗರಿಗೆ ಶಾಲೆಯಾಯಿತು. ನಮ್ಮ ಸೀಮೆಗೆ ಹತ್ತಿರದವರೆಂದರೆ ಸಂಡೂರಿನ ಎಂ.ವೈ. ಘೋರ್ಪಡೆ. ರಾಜಮನೆತನ, ರಾಜ್ಯದ ಹಣಕಾಸು ಖಾತೆ, ಇವೆಲ್ಲದರ ನಡುವೆ ಅವರು ಕ್ಯಾಮೆರಾ ಬಿಡಲಿಲ್ಲ. ಮುಂಗಡಪತ್ರ ಮರೆತುಹೋದರೂ ಅವರ ಆನೆಯ ಚಿತ್ರಗಳು ಉಳಿದಿವೆ. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಬೆನ್ನು ಹತ್ತಿದ್ದು ಕನ್ನಡಿಗರಿಗೆ ಹೇಳಬೇಕಾಗಿಲ್ಲ.

ಇವರೆಲ್ಲರ ಚಿತ್ರಗಳಲ್ಲಿ ಹೆಚ್ಚಿನವು ಮಲೆನಾಡಿನವು, ಬಂಡೀಪುರ–ನಾಗರಹೊಳೆಯವು ಎಂಬುದೂ ನಿಜ. ಹುಲಿ, ಆನೆ ಇಲ್ಲದ ಕಡೆಗೆ ಕ್ಯಾಮೆರಾ ತಿರುಗುವುದು ತಡ. ಎರೆ ಭೂಮಿಯ ಬಯಲನ್ನು ಸರ್ಕಾರಿ ಕಾಗದವೂ ಬಹುಕಾಲ ಪಾಳು ಎಂದೇ ಬರೆಯಿತು. ಆ ಪಾಳಿನಲ್ಲಿ ಕೃಷ್ಣಮೃಗ, ತೋಳ, ನರಿ, ಮೊಲ, ಕಲ್ಲುಗುಡ್ಡಗಳಲ್ಲಿ ಚಿರತೆ, ಕೃಷ್ಣೆಯ ಮಡುವಿನಲ್ಲಿ ಮೊಸಳೆ ಇವೆ. ತುಂಗಭದ್ರೆಯ ಆಚೆ ದಡದ ಸಿರುಗುಪ್ಪದ ಎರೆ ಹೊಲಗಳಲ್ಲಿ ಎರೆಭೂತ ಹಕ್ಕಿ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಇನ್ನೂ ಬದುಕಿದೆ ಎಂಬುದು ಈ ಶತಮಾನದಲ್ಲಿ ಜಗತ್ತಿಗೆ ಖಾತ್ರಿಯಾದದ್ದು ಸ್ಥಳೀಯ ಪಕ್ಷಿಪ್ರಿಯರ ಕಣ್ಣು ಮತ್ತು ಕ್ಯಾಮೆರಾಗಳಿಂದ. ದೇಶದಲ್ಲೇ ಬೆರಳೆಣಿಕೆಯಷ್ಟು ಕಡೆ ಮಾತ್ರ ಉಳಿದಿರುವ ಹಕ್ಕಿ ಅದು.

ಬಯಲು ಬದಲಾದ ವೇಗವನ್ನೂ ಗಮನಿಸಬೇಕು. ತುಂಗಭದ್ರಾ ಎಡದಂಡೆ ಕಾಲುವೆ ಬಂದಮೇಲೆ ಮಾನ್ವಿಯ ಜೋಳದ ಹೊಲ ಭತ್ತದ ಗದ್ದೆಯಾಯಿತು. ನಾರಾಯಣಪುರದ ನೀರು ದೇವದುರ್ಗಕ್ಕೆ ಬಂದಿತು. ರೈತನ ಮನೆಗೆ ಅನ್ನ ಬಂತು, ಅದನ್ನು ಬೇಡವೆನ್ನಲು ನಾವು ಯಾರು? ಆದರೆ ಹುಲ್ಲುಗಾವಲಿನ ಹಕ್ಕಿ ಹಿಂದೆ ಸರಿದು ನೀರಹಕ್ಕಿ ಮುಂದೆ ಬಂದ ಬದಲಾವಣೆಯನ್ನು ಯಾರೂ ವರ್ಷ ವರ್ಷ ಬರೆದಿಡಲಿಲ್ಲ. ಐವತ್ತರ ದಶಕದಲ್ಲಿ ಯಾರಾದರೂ ಮಾನ್ವಿಯ ಹೊಲಗಳ ನೂರು ಚಿತ್ರ ತೆಗೆದಿಟ್ಟಿದ್ದರೆ ಅವು ಇಂದು ಗ್ರೀನ್‌ಲಾನ ರಥದಷ್ಟೇ ಬೆಲೆ ಬಾಳುತ್ತಿದ್ದವು.

ರಾತ್ರಿಯೂ ಬದಲಾಗಿದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಅಗಲ ನೋಟದ ಮಸೂರವನ್ನೂ ಇಪ್ಪತ್ತು–ಇಪ್ಪತ್ತೈದು ಸೆಕೆಂಡಿಗಿಂತ ಹೆಚ್ಚು ತೆರೆದಿಟ್ಟರೆ ನಕ್ಷತ್ರ ಚುಕ್ಕೆಯಾಗಿ ಉಳಿಯದೆ ಗೆರೆಯಾಗುತ್ತದೆ. ಹಿಂದಿನ ಫಿಲ್ಮಿಗೆ ಆ ಅವಧಿಯಲ್ಲಿ ಆಕಾಶಗಂಗೆ ಕಾಣುವುದು ಕಷ್ಟವಿತ್ತು. ಈಗಿನ ಡಿಜಿಟಲ್ ಕ್ಯಾಮೆರಾ ಸಲೀಸಾಗಿ ಹಿಡಿಯುತ್ತದೆ. ಕ್ಯಾಮೆರಾ ಸುಧಾರಿಸಿತು, ಕತ್ತಲೆ ಕಡಿಮೆಯಾಯಿತು. 1985ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ, ಆಮೇಲೆ ಯರಮರಸ್ ಸ್ಥಾವರ, ಊರಿನ ಬೀದಿದೀಪಗಳ ಪ್ರಭೆ, ಹಾರುಬೂದಿ ಎಲ್ಲವೂ ಸೇರಿ ರಾಯಚೂರಿನ ದಿಗಂತವನ್ನು ಮಸುಕು ಮಾಡಿವೆ. 2024ರ ಅಕ್ಟೋಬರ್ ಮೊದಲ ವಾರ ಸೂರ್ಯೋದಯಕ್ಕೆ ಮುಂಚೆ ಪೂರ್ವದಲ್ಲಿ ಕಂಡ ಸುಚಿನ್ಶಾನ್–ಅಟ್ಲಾಸ್ ಧೂಮಕೇತುವಿನಂಥದ್ದನ್ನು ಸೆರೆಹಿಡಿಯಲು ನಗರದವರು ಹಳ್ಳಿಯ ದಾರಿ ಹಿಡಿಯಬೇಕು. ಆ ಲೆಕ್ಕದಲ್ಲಿ ದೇವದುರ್ಗದ ಕಡೆಯವರೇ ಶ್ರೀಮಂತರು.

ಹವ್ಯಾಸಿಗಳಿಗೂ ಒಂದು ಮಾತು ಹೇಳಬೇಕು. ಹಿಂದೆ ಗೂಡಿನ ಪಕ್ಕ ಮರೆ ಕಟ್ಟಿ ಕುಳಿತು ಚಿತ್ರ ತೆಗೆಯುವುದೇ ಕೌಶಲವೆನಿಸಿತ್ತು. ಈಗ ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತಿರಸ್ಕರಿಸುತ್ತವೆ. ತಾಯಿಹಕ್ಕಿ ಹೆದರಿ ದೂರ ಉಳಿದರೆ ರಾಯಚೂರಿನ ಬಿಸಿಲಿಗೆ ಮೊಟ್ಟೆ ಬೇಯಲು ಎಷ್ಟು ಹೊತ್ತು ಬೇಕು? ಕೃಷ್ಣಮೃಗ ಓಡುವ ಚಿತ್ರಕ್ಕಾಗಿ ಅದನ್ನು ಜೀಪಿನಲ್ಲಿ ಅಟ್ಟುವುದು ಬಂದೂಕಿಲ್ಲದ ಬೇಟೆಯೇ.

ಇನ್ನು ಹಳೆಯ ನೆಗೆಟಿವ್‌ಗಳು. ಸ್ಟುಡಿಯೋಗಳ ಅಟ್ಟದಲ್ಲಿ, ಮನೆಯ ಟ್ರಂಕುಗಳಲ್ಲಿ ಅವು ಬಿದ್ದಿರುತ್ತವೆ. ಮದುವೆಯ ರೀಲಿನ ಕೊನೆಯಲ್ಲಿ ಉಳಿದ ಎರಡು ಫ್ರೇಮಿನಲ್ಲಿ ಯಾರೋ ಕೆರೆಯನ್ನೋ ಕೋಟೆಯನ್ನೋ ತೆಗೆದಿದ್ದರೆ ಅದೇ ಇಂದು ದಾಖಲೆ. ಆದರೆ ಅಸಿಟೇಟ್ ಫಿಲ್ಮ್ ಶಾಖಕ್ಕೆ ಸಿಕ್ಕಿದರೆ ಒಳಗೊಳಗೇ ಕೊಳೆಯುತ್ತದೆ. ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಕೊಳೆತ ಶುರುವಾಗಿದೆ ಎಂದರ್ಥ. ಒಂದು ರೀಲಿಗೆ ಹತ್ತಿದ್ದು ಪಕ್ಕದ ರೀಲಿಗೂ ಹರಡುತ್ತದೆ. ಅಂಥದ್ದನ್ನು ಬೇರೆ ತೆಗೆದಿಟ್ಟು, ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಬೇಕು. ತಗಡಿನ ಶೀಟಿನ ಕೋಣೆಯಿಂದ ಮನೆಯ ಅತಿ ತಣ್ಣನೆಯ, ಒಣಗಿದ ಮೂಲೆಗೆ ಉಳಿದವನ್ನು ಸಾಗಿಸಬೇಕು. ಪ್ರಿಂಟಿನ ಹಿಂದೆ ಊರು, ತಾರೀಖು, ದಿಕ್ಕು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ.