ಮೊದಲ ಮನೆ ಯಾರ ಹೆಸರಿಗೆ?



ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಪಾಠ ಹೇಳಿದ ವರ್ಷಗಳಲ್ಲಿ ‘ನಮಗೆ ಮನೆ ಮಂಜೂರಾಯಿತು ಸಾರ್’ ಎಂಬ ಮಾತನ್ನು ನಿಮ್ಮಲ್ಲಿ ಹಲವರಿಂದ ಕೇಳಿದ್ದೇನೆ. ಆ ಮಂಜೂರಾತಿಗೂ ಒಂದು ಇತಿಹಾಸವುಂಟು.

1985ರಲ್ಲಿ ಆರಂಭವಾದ ಇಂದಿರಾ ಆವಾಸ್ ಯೋಜನೆ ಮೊದಲಿಗೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಹಾಗೂ ಬಿಡುಗಡೆಗೊಂಡ ಜೀತದಾಳುಗಳಿಗೆ ಸೀಮಿತವಾಗಿತ್ತು. ರಾಜ್ಯದ ಆಶ್ರಯ ಯೋಜನೆ 1991-92ರಲ್ಲಿ ಬಂದಿತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು.

ಸಂಬಳದಾರರಿಗೆ ದೊರೆತ ನೆರವು ಬೇರೆ ಬಗೆಯದು. 2013ರ ಕೇಂದ್ರ ಬಜೆಟ್, ಮೊದಲ ಮನೆಗಾಗಿ ಮಾಡಿದ 25 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ 1 ಲಕ್ಷ ರೂಪಾಯಿಯನ್ನು ತೆರಿಗೆಯ ಲೆಕ್ಕದಿಂದ ಹೆಚ್ಚುವರಿಯಾಗಿ ಕಳೆಯಲು ಅವಕಾಶವಿತ್ತಿತು. ಆದಾಯ ತೆರಿಗೆಯನ್ನೇ ಕಟ್ಟದ ಕೂಲಿಕಾರನಿಗೆ ಅದರಿಂದ ಫಲವಿಲ್ಲ. ಅವನಿಗೆ ಒದಗುವುದು ಸಹಾಯಧನವೇ.

ಆ ಸಹಾಯಧನ ಇನ್ನೊಂದು ಬದಲಾವಣೆಯನ್ನೂ ತಂದಿತು. ಇಂದಿರಾ ಆವಾಸ್ ಮನೆಗಳನ್ನು ಸಾಮಾನ್ಯವಾಗಿ ಗೃಹಿಣಿಯ ಹೆಸರಿಗೆ ಅಥವಾ ದಂಪತಿಗಳ ಜಂಟಿ ಹೆಸರಿಗೆ ನೀಡಬೇಕೆಂಬ ನಿಯಮವಿತ್ತು. ತಲೆಮಾರುಗಳಿಂದ ಗಂಡಸರ ಹೆಸರೇ ಇದ್ದ ಕಾಗದಗಳಲ್ಲಿ ತಾಯಂದಿರ ಹೆಸರು ಸೇರಿದ್ದನ್ನು ನಾನು ಸಣ್ಣ ಸಂಗತಿಯೆಂದು ಎಣಿಸುವುದಿಲ್ಲ.

ನಿಮ್ಮ ಮನೆಯ ಪತ್ರದಲ್ಲಿ ತಾಯಿಯ ಹೆಸರಿದ್ದರೆ, ಖಾತೆ ಬದಲಾಯಿಸುವ ಮುನ್ನ ಆಕೆಯ ಮನಸ್ಸನ್ನು ಕೇಳಿರಿ.