ಲಂಡನ್ನಿನ ಪಿಟೀಲು, ಮೈಸೂರಿನ ರೊಕ್ಕ

(9 ಭಾಗದ ಸರಣಿ. ಸೇವ್ ಮಾಡಿಟ್ಟುಕೊಂಡು ನಿಧಾನಕ್ಕ ಓದ್ರಿ.)

1/9
1947. ಲಂಡನ್ನಿನ ಒಂದು ಸ್ಟುಡಿಯೋದಲ್ಲಿ ಇಬ್ಬರು ರಷ್ಯನ್ ಕಲಾವಿದರು ಒಂದು ಸೊನಾಟಾ ನುಡಿಸಿದರು. ಪಿಯಾನೋ ಮುಂದೆ ಕುಳಿತವರು ಅದನ್ನು ಬರೆದ ನಿಕೊಲಾಯ್ ಮೆಟ್ನರ್. ವಯಸ್ಸು 67, ಹೃದಯದ ಕಾಯಿಲೆ ಬೇರೆ. ಪಿಟೀಲು ಹಿಡಿದವರು ಸಿಸಿಲಿಯಾ ಹಾನ್ಸೆನ್. ಈ ಸಂಗೀತವನ್ನು ಆಗ ಕೇಳುವವರು ಕಡಿಮೆ, ರೆಕಾರ್ಡ್ ಮಾಡುವವರಂತೂ ಇರಲೇ ಇಲ್ಲ ಅನ್ನಬಹುದು.

ಹಾಗಾದರೆ ಅವತ್ತಿನ ಖರ್ಚು ಯಾರದು? ಇಂಗ್ಲೆಂಡಿನ ರಾಜನದಲ್ಲ, ರಷ್ಯಾ ಸರ್ಕಾರದ್ದೂ ಅಲ್ಲ. ನಮ್ಮ ಮೈಸೂರಿನ ಮಹಾರಾಜರದು! ಜಯಚಾಮರಾಜೇಂದ್ರ ಒಡೆಯರ್ ಅವರಿಗೆ ಆಗಿನ್ನೂ 30 ತುಂಬಿರಲಿಲ್ಲ.

ರಾಮಥಾಳದಾಗ ಕುಂತು ಇದನ್ನ ಯಾಕ ಬರಿಯಾಕತ್ತೀಯೋ ಅಂತ ಕ್ಲಾಸಿನವರು ಕೇಳೇ ಕೇಳ್ತೀರಿ. ಕಡೀ ಭಾಗದ ತನಕ ಬರ್ರಿ, ಗೊತ್ತಾಗತೈತಿ.

2/9
ಮೊದಲು ಮೆಟ್ನರ್ ಯಾರು ಅಂತ ನೋಡೋಣ.

ಹುಟ್ಟಿದ್ದು 1880ರಲ್ಲಿ, ಮಾಸ್ಕೋದಲ್ಲಿ. ಓದಿದ್ದು ಅಲ್ಲಿನ ಕನ್ಸರ್ವೇಟರಿಯಲ್ಲಿ. ರಖ್ಮಾನಿನೋವ್ ಅಂತ ದೊಡ್ಡ ಹೆಸರಿನ ಸಂಗೀತಗಾರ ಇದ್ದರಲ್ಲ, ಅವರು ಇವರ ಆಪ್ತ ಗೆಳೆಯ. ತಮ್ಮ ನಾಲ್ಕನೇ ಪಿಯಾನೋ ಕಾನ್ಚೆರ್ಟೋವನ್ನು ಮೆಟ್ನರ್‌ಗೆ ಅರ್ಪಿಸಿದ್ದಾರೆ. ಮೆಟ್ನರ್ ತಮ್ಮ ಎರಡನೆಯದನ್ನು ರಖ್ಮಾನಿನೋವ್‌ಗೆ ಅರ್ಪಿಸಿ ಲೆಕ್ಕ ಚುಕ್ತಾ ಮಾಡಿದರು.

ಕ್ರಾಂತಿಯ ನಂತರ, 1921ರಲ್ಲಿ ಮೆಟ್ನರ್ ರಷ್ಯಾ ಬಿಟ್ಟರು. ಜರ್ಮನಿ, ಫ್ರಾನ್ಸ್ ಸುತ್ತಿ 1930ರ ದಶಕದ ಮಧ್ಯದಲ್ಲಿ ಲಂಡನ್ ಸೇರಿದರು. ಆದರೆ ಅಷ್ಟು ಹೊತ್ತಿಗೆ ಯುರೋಪಿನ ಕಿವಿ ಬದಲಾಗಿತ್ತು. 19ನೇ ಶತಮಾನದ ರೊಮ್ಯಾಂಟಿಕ್ ಸಂಗೀತ ಅಂದರೆ ಉದ್ದನೆಯ ರಾಗರೇಖೆ, ಎದೆ ತುಂಬಿ ಬರುವ ಭಾವ. ಹೊಸ ಕಾಲದವರಿಗೆ ಅದು ಹಳೇ ಫ್ಯಾಷನ್. ಸ್ಟ್ರಾವಿನ್‌ಸ್ಕಿ, ಶೋನ್‌ಬರ್ಗ್ ಬಂದು ಆಟದ ನಿಯಮಾನೇ ಬದಲಿಸಿದ್ದರು. ಮೆಟ್ನರ್ ಮಾತ್ರ ಜಗ್ಗಲಿಲ್ಲ. ಹೊಸ ಫ್ಯಾಷನ್ನಿನ ವಿರುದ್ಧ 1935ರಲ್ಲಿ ಒಂದು ಪುಸ್ತಕಾನೇ ಬರೆದರು.

ಫಲ ಏನು? ಪಾಠ ಹೇಳಿ ಹೊಟ್ಟೆ ಹೊರೆಯೋದು. ಯುದ್ಧ ಶುರುವಾದ ಮೇಲೆ ಅದೂ ಕಷ್ಟವಾಯಿತು. ಲಂಡನ್ ಬಿಟ್ಟು ಒಬ್ಬ ಶಿಷ್ಯೆಯ ಮನೆಯವರ ಆಸರೆಯಲ್ಲಿ ಇರಬೇಕಾಯಿತು. 1942ರಲ್ಲಿ ಹೃದಯಾಘಾತ.

3/9
ಈಗ ಪಿಟೀಲಿನ ಸುದ್ದಿ.

ಮೆಟ್ನರ್ ಬರೆದದ್ದೆಲ್ಲ ಹೆಚ್ಚೂಕಡಿಮೆ ಪಿಯಾನೋಗೆ. ಪಿಟೀಲಿಗೆ ಅಂತ ಮುಖ್ಯವಾಗಿ ಮೂರು ಸೊನಾಟಾ, ಮೂರು ನಾಕ್ಟರ್ನ್. 1947ರಲ್ಲಿ ರೆಕಾರ್ಡ್ ಆದದ್ದು ಮೊದಲನೇ ಸೊನಾಟಾ, 1910ರ ಸುಮಾರಿಗೆ ಬರೆದದ್ದು. ಸುಮಾರು 20 ನಿಮಿಷ, ಮೂರು ಭಾಗ. ಮೊದಲನೆಯದು ‘ಕಾನ್ಚೋನಾ’, ಅಂದರೆ ಹಾಡು. ಎರಡನೆಯದು ‘ದಾನ್ಸಾ’, ಅಂದರೆ ಕುಣಿತ. ಮೂರನೆಯದು ‘ದಿತಿರಾಂಬೋ’. ಗ್ರೀಕರು ಡಯೋನಿಸಸ್ ದೇವರ ಮುಂದೆ ಮೈಮರೆತು ಹಾಡುತ್ತಿದ್ದ ಸ್ತುತಿಗೆ ಇದ್ದ ಹೆಸರು ಅದು. ಹಾಡು, ಕುಣಿತ, ದೇವರ ಸ್ತುತಿ. ನಮ್ಮ ಜಾತ್ರಿಯ ಒಂದು ರಾತ್ರಿಯಲ್ಲೂ ಇವು ಮೂರೂ ಇರತಾವಲ್ರಿ?

ಸಿಸಿಲಿಯಾ ಹಾನ್ಸೆನ್ ಸಣ್ಣ ಕಲಾವಿದೆ ಅಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಲಿಯೋಪೋಲ್ಡ್ ಔಅರ್ ಅವರ ಶಿಷ್ಯೆ. ಅದೇ ಗುರುವಿನ ಹತ್ತಿರ ಕಲಿತವರು ಯಾಶಾ ಹೈಫೆಟ್ಸ್, ಮೀಶಾ ಎಲ್ಮನ್, ನಾಥನ್ ಮಿಲ್‌ಸ್ಟೈನ್. ಆ ಗಂಡಸರ ರೆಕಾರ್ಡ್ ರಾಶಿ ರಾಶಿ ಸಿಗತಾವ. ಹಾನ್ಸೆನ್ ಅವರದು ಬೆರಳೆಣಿಕೆಯಷ್ಟು. ಹಂಗಾಗಿ ಈ ಸೊನಾಟಾದಲ್ಲಿ ಉಳಿದದ್ದು ಎರಡು: ಬರೆದವನ ಕೈಯಿಂದಲೇ ಬಂದ ಪಿಯಾನೋ, ಮತ್ತು ಒಬ್ಬ ದೊಡ್ಡ ಪಿಟೀಲುಗಾರ್ತಿಯ ಅಪರೂಪದ ನಾದ.

4/9
ರೆಕಾರ್ಡ್ ಮಾಡೋದು ಇವತ್ತಿನಂಗ ಒಂದು ಬಟನ್ ಒತ್ತೋ ಕೆಲಸ ಆಗಿರಲಿಲ್ಲ.

ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆ. ದೊಡ್ಡ ತಟ್ಟೆಯ ಒಂದು ಬದಿಗೆ ನಾಲ್ಕು, ನಾಲ್ಕೂವರೆ ನಿಮಿಷ ಅಷ್ಟೇ. ಅಂದರೆ 20 ನಿಮಿಷದ ಸೊನಾಟಾಕ್ಕೆ ಕಮ್ಮಿ ಅಂದರೂ ಐದು ಬದಿ ಬೇಕು. ಸಂಗೀತವನ್ನು ನಡುವೆ ಎಲ್ಲಿ ಕಡಿಯಬೇಕು ಅಂತ ಮೊದಲೇ ಗುರುತು ಹಾಕಿ, ಅಲ್ಲಿಗೆ ನಿಲ್ಲಿಸಿ, ಮುಂದಿನ ತಟ್ಟೆಗೆ ಅದೇ ಭಾವದಲ್ಲಿ ಮತ್ತೆ ಶುರು ಮಾಡಬೇಕು. ನಾದ ನೇರವಾಗಿ ಮೇಣದ ತಟ್ಟೆಯ ಮೇಲೆ ಗೀರಾಗಿ ಇಳಿಯುತ್ತಿತ್ತು. ಎಡಿಟಿಂಗ್ ಇಲ್ಲ. ಮೂರನೇ ನಿಮಿಷದಲ್ಲಿ ಒಂದು ಸ್ವರ ಜಾರಿದರೆ ಇಡೀ ಬದಿ ಮತ್ತೆ ಮೊದಲಿಂದ. 67ರ ಹೃದಯರೋಗಿ ಇದನ್ನು ಮಾಡಿದರು ಅನ್ನೋದನ್ನ ನೆನಪಿಡ್ರಿ.

ಇನ್ನೊಂದು ವಿಷಯ. ಅಂಗಡಿಗೆ ಬರುತ್ತಿದ್ದ ಆ ಕಪ್ಪು ತಟ್ಟೆ ಯಾವುದರಿಂದ ಮಾಡಿದ್ದು ಗೊತ್ತೇನು? ಅರಗು! ಕಲ್ಲಿನ ಪುಡಿ, ಕಾಡಿಗೆಯಂಥ ಕರಿ ಪುಡಿ ಸೇರಿಸಿ ಹಿಡಿದಿಡುತ್ತಿದ್ದದ್ದು ಅರಗೇ. ಮುತ್ತಲ ಗಿಡ, ಬಾರಿ ಗಿಡದ ಮೇಲೆ ಕೂರುವ ಪುಟ್ಟ ಹುಳ ಬಿಡುವ ಅಂಟು ಅದು. ಜಗತ್ತಿಗೆ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ಭಾರತದಿಂದ, ಅದರಲ್ಲೂ ಛೋಟಾ ನಾಗಪುರದ ಕಾಡುಗಳಿಂದ. ಪಾಂಡವರನ್ನು ಸುಡೋಕೆ ಕಟ್ಟಿದ ಅರಗಿನ ಮನೆ ಎಲ್ಲರಿಗೂ ಗೊತ್ತು. ಒಂದು ಕಾಲದ ಸಂಗೀತವೆಲ್ಲ ಅರಗಿನ ಮನೆಯಲ್ಲೇ ವಾಸ ಇತ್ತು ಅನ್ನೋದು ಗೊತ್ತಿರಲಿಲ್ಲ, ಹೌದಲ್ಲೋ?

5/9
ಮಾರಾಟ ಆಗದ ಸಂಗೀತವನ್ನು ಕಂಪನಿ ಯಾಕೆ ರೆಕಾರ್ಡ್ ಮಾಡಬೇಕು?

ನಮ್ಮ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿ ಅವರ ಹಾಡು ತಟ್ಟೆ ಏರಿದ್ದು ಜನ ಕೊಳ್ಳುತ್ತಿದ್ದರು ಅಂತಲೇ. ಮೆಟ್ನರ್‌ಗೆ ಆ ಮಾರುಕಟ್ಟೆ ಇರಲಿಲ್ಲ.

ಎಚ್.ಎಂ.ವಿ.ಯಲ್ಲಿದ್ದ ವಾಲ್ಟರ್ ಲೆಗ್ ಎಂಬಾತ ಇಂಥ ಸಂಗೀತಕ್ಕೆ 1930ರ ದಶಕದಲ್ಲೇ ಒಂದು ದಾರಿ ಹುಡುಕಿದ್ದರು. ‘ಸೊಸೈಟಿ’ ಅಂತ ಅದರ ಹೆಸರು. ಮೊದಲು ಚಂದಾದಾರರ ಪಟ್ಟಿ, ಮುಂಗಡ ಹಣ. ಸಾಕಷ್ಟು ಜನ ಸೇರಿದರೆ ಮಾತ್ರ ರೆಕಾರ್ಡಿಂಗ್. ಹ್ಯೂಗೋ ವೋಲ್ಫ್‌ನ ಹಾಡುಗಳು ಹಾಗೇ ಹೊರಬಂದವು. ಇವತ್ತಿನ ಕ್ರೌಡ್‌ಫಂಡಿಂಗ್ ಇದ್ದಂಗ.

1940ರ ದಶಕದಲ್ಲಿ ‘ಮೆಟ್ನರ್ ಸೊಸೈಟಿ’ ಹುಟ್ಟಿದಾಗ ಮಾತ್ರ ಚಂದಾದಾರರಿಗೆ ಕಾಯುವ ಅಗತ್ಯ ಬೀಳಲಿಲ್ಲ. ಹಿಂದೆ ನಿಂತವರು ಒಬ್ಬರೇ, ಮೈಸೂರು ಮಹಾರಾಜರು. ಅವರ ಬೆಂಬಲದಿಂದ ಮೂರೂ ಪಿಯಾನೋ ಕಾನ್ಚೆರ್ಟೋಗಳು ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ರೆಕಾರ್ಡ್ ಆದವು. ಹಾಡುಗಳು, ಪಿಯಾನೋ ತುಣುಕುಗಳು, ನಾವು ಹೇಳಿದ ಪಿಟೀಲು ಸೊನಾಟಾ ಕೂಡ ಬಂದವು. ಮೆಟ್ನರ್ ತಮ್ಮ ಮೂರನೇ ಕಾನ್ಚೆರ್ಟೋವನ್ನು ಮಹಾರಾಜರಿಗೆ ಅರ್ಪಿಸಿದರು.

6/9
ಈ ಅರಸರಿಗೆ ಇದರ ಹುಚ್ಚು ಎಲ್ಲಿಂದ ಬಂತು?

1919ರಲ್ಲಿ ಹುಟ್ಟಿದವರು, ಹುಡುಗನಾಗಿದ್ದಾಗಲೇ ಪಿಯಾನೋ ಕಲಿತರು. ಮೈಸೂರು ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರೂ ಇದ್ದರು, ಪಾಶ್ಚಾತ್ಯ ಬ್ಯಾಂಡೂ ಇತ್ತು. ತಂಗಿ ವಿಜಯಾದೇವಿ ಕೂಡ ಪಿಯಾನೋ ವಾದಕಿ. 1940ರಲ್ಲಿ ಮೊದಲು ತಂದೆ, ಆಮೇಲೆ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜರು ತೀರಿಕೊಂಡರು. 21ನೇ ವಯಸ್ಸಿಗೆ ಸಿಂಹಾಸನ.

ಪಾಶ್ಚಾತ್ಯ ಸಂಗೀತ ಹಚ್ಚಿಕೊಂಡವರು ನಮ್ಮದನ್ನ ಮರೆತಿರಬೇಕು ಅಂದ್ಕೋಬ್ಯಾಡ್ರಿ. 1945ರಿಂದ 1947ರ ನಡುವೆಯೇ, ಅಂದರೆ ಲಂಡನ್ನಿನಲ್ಲಿ ಮೆಟ್ನರ್ ರೆಕಾರ್ಡಿಂಗಿಗೆ ತಯಾರಿ ನಡೆದ ಕಾಲದಲ್ಲೇ, ಅವರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಅಂಕಿತ ‘ಶ್ರೀವಿದ್ಯಾ’. ಅವರ ಆಸ್ಥಾನದಲ್ಲೇ ಇದ್ದರು ಪಿಟೀಲು ಚೌಡಯ್ಯ. ಮೈಕ್ ಇಲ್ಲದ ದೊಡ್ಡ ಸಭೆಯಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಗೆ ಏರಿಸಿದವರು. ಒಂದೇ ವಾದ್ಯ. ಲಂಡನ್ನಿನಲ್ಲಿ ಹಾನ್ಸೆನ್ ಅದನ್ನು ಗದ್ದಕ್ಕೆ ಒತ್ತಿಕೊಂಡರೆ ಮೈಸೂರಿನಲ್ಲಿ ಚೌಡಯ್ಯ ನೆಲದ ಮೇಲೆ ಕುಳಿತು ಅದರ ತುದಿಯನ್ನು ಕಾಲಿನ ಮೇಲೆ ಊರಿಕೊಂಡಿದ್ದರು. ಎರಡೂ ಕಡೆ ಆಸರೆ ಒಬ್ಬರದೇ.

7/9
ಇಲ್ಲಿಗೇ ಬಿಟ್ಟರೆ ಇದು ಚಂದದ ರಾಜರ ಕಥೆ ಆಗತೈತಿ. ಆದರೆ 1947ಕ್ಕೆ ಇನ್ನೊಂದು ಮುಖ ಐತಿ.

ಆಗಸ್ಟ್ 15ಕ್ಕೆ ದೇಶ ಸ್ವತಂತ್ರವಾಯಿತು. ಮೈಸೂರು ಸಂಸ್ಥಾನ ಭಾರತಕ್ಕೆ ಸೇರಲು ಒಪ್ಪಿತ್ತು, ಆದರೆ ಜನರ ಕೈಗೆ ಅಧಿಕಾರ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಶುರುವಾಯಿತು. ಶಾಲಾ ಕಾಲೇಜು ಹುಡುಗರು ಬೀದಿಗೆ ಇಳಿದರು. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡೇಟಿಗೆ ಬಲಿಯಾದ. ನಮ್ಮ ವಯಸ್ಸಿನವನೇ. ಇವತ್ತೂ ಆ ಜಾಗದ ಹೆಸರು ರಾಮಸ್ವಾಮಿ ವೃತ್ತ. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದರು, ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು.

ಅರಮನೆಯ ಖಜಾನೆ ಅಂತೀವಿ, ಆದರೆ ಅದು ತುಂಬೋದು ರೈತರ ಕಂದಾಯದಿಂದಲೇ. ಲಂಡನ್ನಿನಲ್ಲಿ ಮೇಣದ ತಟ್ಟೆ ತಿರುಗಿದ ವರ್ಷವೇ ಮೈಸೂರಿನ ಬೀದಿಯಲ್ಲಿ ಒಬ್ಬ ಹುಡುಗ ಬಿದ್ದ. ಒಂದನ್ನ ಹೇಳಿ ಇನ್ನೊಂದನ್ನ ಮುಚ್ಚಿಟ್ಟರೆ ಅದು ಇತಿಹಾಸ ಅಲ್ಲ. ಆ ಸೊನಾಟಾ ಕೇಳುವಾಗ ನನಗೆ ಎರಡೂ ನೆನಪಾಗತಾವ. ಸೊನಾಟಾ ಅದರಿಂದ ಕೆಟ್ಟದಾಗಂಗಿಲ್ಲ, ರಾಮಸ್ವಾಮಿಯ ಸಾವೂ ಹಗುರ ಆಗಂಗಿಲ್ಲ.

ನಮ್ಮ ಹುನಗುಂದ ಆಗ ಮೈಸೂರಿನಲ್ಲಿ ಇರಲೇ ಇಲ್ಲ. ನಾವು ಮುಂಬೈ ಪ್ರಾಂತ್ಯದ ಬಿಜಾಪುರ ಜಿಲ್ಲೆಯವರು. 1956ರ ನವೆಂಬರ್ 1ಕ್ಕೆ ಕನ್ನಡ ಸೀಮೆ ಒಂದಾದಾಗ ಹೊಸ ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದವರು ಇದೇ ಜಯಚಾಮರಾಜೇಂದ್ರರು. ಅಂದರೆ ನಮ್ಮ ಕಡೆಯವರಿಗೆ ಅವರು ಅರಸರಾಗಿ ಬರಲಿಲ್ಲ, ಸಂವಿಧಾನದ ಹುದ್ದೆಯಲ್ಲಿ ಬಂದರು.

8/9
ಆಮೇಲೆ ಏನಾತು?

ಲೆಗ್ ಕಟ್ಟಿದ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮಹಾರಾಜರೇ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದದ್ದೂ ಇವರ ನೆರವಿನಿಂದ. ಹಾಡಿದವರು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್. ಮಹಾರಾಜರು ಆ ಸಭೆಯಲ್ಲಿ ಇರಲಿಲ್ಲ. ಅವರಿಗೋಸ್ಕರ ಕಾರ್ಯಕ್ರಮವನ್ನು ತಟ್ಟೆಗೆ ಇಳಿಸಿದರು. ಆ ಮೊದಲ ಪ್ರದರ್ಶನದ ನಾದ ಇವತ್ತು ನಮಗೆ ಸಿಗೋದು ಅದರಿಂದಲೇ.

ಮೆಟ್ನರ್ 1951ರ ನವೆಂಬರಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಎಲ್‌ಪಿ ಬಂದಿತ್ತು, ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಅರಗಿನ ತಟ್ಟೆಯ ಭಾರದ ಸೆಟ್ಟುಗಳು ಅಟ್ಟ ಸೇರಿದವು. ಮೆಟ್ನರ್ ಹೆಸರೂ ಅವುಗಳ ಜೊತೆ ಅಟ್ಟ ಸೇರಿತು. ದಶಕಗಳ ನಂತರ ಹೊಸ ಪಿಯಾನೋ ವಾದಕರು, ಪಿಟೀಲುಗಾರರು ಮೆಟ್ನರ್‌ನನ್ನು ಮತ್ತೆ ಹುಡುಕಿ ತೆಗೆದಾಗ, ಇದನ್ನು ಹೆಂಗ ನುಡಿಸಬೇಕು ಅಂತ ಕೇಳೋಕೆ ಮೆಟ್ನರ್ ಇರಲಿಲ್ಲ. ಮೆಟ್ನರ್ ಕೈಯ ರೆಕಾರ್ಡ್ ಇತ್ತು. ಹಳೇ ತಟ್ಟೆಗಳಲ್ಲಿ ಹಲವು ಸಿ.ಡಿ.ಯಾಗಿ ಮರಳಿ ಬಂದವು.

9/9
ಈಗ ನಮ್ಮೂರಿಗೆ ಬರ್ರಿ.

ಮೆಟ್ನರ್ ಸಂಗೀತ ಉಳಿದದ್ದು ಒಬ್ಬ ಶ್ರೀಮಂತನ ರುಚಿಗೆ ಅದು ಬಿದ್ದದ್ದರಿಂದ. ಹಾಗಾದರೆ ಯಾವ ಶ್ರೀಮಂತನ ರುಚಿಗೂ ಬೀಳದ ಸಂಗೀತದ ಗತಿ?

ನಮ್ಮ ಕಡೆ ಜೋಳದ ರಾಶಿ ಮಾಡುವಾಗ ಕಣದಲ್ಲಿ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ ತುಳಿಸುತ್ತಿದ್ದರು. ಆ ಸಾಲೇ ಹಂತಿ. ರಾತ್ರಿಯೆಲ್ಲ ನಿದ್ದೆ ಬರದಂಗ ಹಾಡುತ್ತಿದ್ದದ್ದು ಹಂತಿ ಪದ. ಈಗ ರಾಶಿ ಮಷೀನ್ ಬಂತು, ಕಣ ಹೋಯಿತು, ರಾಮಥಾಳದ ಸುತ್ತ ಎರಿ ಹೊಲಕ್ಕೆ ಹನಿ ನೀರಾವರಿಯ ಪೈಪೂ ಬಂತು. ಒಳ್ಳೇದೇ ಆಯಿತು, ರಾತ್ರಿಯಿಡೀ ಎತ್ತಿನ ಹಿಂದೆ ಸುತ್ತುವ ಕಷ್ಟ ಯಾರಿಗೂ ಬ್ಯಾಡ. ಆದರೆ ಆ ಪದ ಬಲ್ಲವರಿಗೆ ಈಗ ವಯಸ್ಸಾಗೈತಿ. ಜಾನಪದ ವಿದ್ವಾಂಸರು ಬಹಳಷ್ಟು ಪದಗಳನ್ನು ಪುಸ್ತಕಕ್ಕೆ ಇಳಿಸಿದ್ದಾರೆ. ಪುಸ್ತಕದಾಗ ಮಾತು ಸಿಗತೈತಿ, ಧಾಟಿ ಸಿಗಂಗಿಲ್ಲ. ಎಲ್ಲಿ ಉಸಿರು ಎಳೀತಾರ, ಎಲ್ಲಿ ಎತ್ತಿಗೆ ‘ಹೋ’ ಅಂತಾರ, ಅದು ಕೇಳಿದರಷ್ಟೇ ಗೊತ್ತಾಗೋದು.

1947ರಲ್ಲಿ 20 ನಿಮಿಷದ ಸಂಗೀತ ಉಳಿಸೋಕೆ ಒಬ್ಬ ಮಹಾರಾಜ ಬೇಕಾಯಿತು. ಇವತ್ತು ನಮ್ಮ ಕಿಸೆಯಲ್ಲಿರೋ ಫೋನ್ ಸಾಕು. ಬಾದಾಮಿ, ಇಳಕಲ್ಲ, ಹುನಗುಂದದ ದೋಸ್ತರೆಲ್ಲ ಕೇಳ್ರಿ: ಈ ರಜೆಯಾಗ ಮನೀಯಾಗಿನ ಅಜ್ಜ ಅಮ್ಮನ ಮುಂದ ಕುಂದ್ರಿ. ಫ್ಯಾನ್ ಬಂದ್ ಮಾಡ್ರಿ, ಫೋನ್ ಏರೋಪ್ಲೇನ್ ಮೋಡಿಗೆ ಹಾಕ್ರಿ. ಮೊದಲು ಅವರ ಹೆಸರು, ಊರು, ತಾರೀಖು ಹೇಳಿಸ್ರಿ. ಆಮೇಲೆ ಹಾಡಲಿ. ನಡುವೆ ಮರೆತು ನಿಂತರೂ ಆಫ್ ಮಾಡಬ್ಯಾಡ್ರಿ. 30 ಸೆಕೆಂಡಿಗೆ ಕತ್ತರಿಸಿ ರೀಲ್ ಮಾಡೋದಾದರೆ ಮಾಡ್ರಿ, ಆದರೆ ಪೂರಾ ಫೈಲು ಇನ್ನೊಂದು ಕಡೆ ಇಡ್ರಿ. ಹಾಕೋ ಮೊದಲು ಅವರನ್ನ ಒಂದು ಮಾತು ಕೇಳ್ರಿ.

ನಿಮ್ಮ ಮನೀಯಾಗ ಯಾರಿಗೆ ಯಾವ ಪದ ಬರತೈತಿ? ಕಮೆಂಟಿನಾಗ ಬರೀರಿ. ಪಟ್ಟಿ ಮಾಡೋಣ.

#ನಮ್ಮಇತಿಹಾಸ #ಪಿಟೀಲು #ಮೈಸೂರು #ಹಂತಿಪದ #ರಾಮಥಾಳ #ಹುನಗುಂದ